ದಾವಣಗೆರೆಗೆ ಒಂದು ಫುಟ್‌ಬಾಲ್ ಸ್ಟೇಡಿಯಂ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಗ್ರೌಂಡಿನಲ್ಲಿ ಸುಣ್ಣದ ಗೆರೆ ಎಳೆಯುವಾಗ ವಾಕಿಂಗ್ ಬಂದವರು ನಿಂತು ಕೇಳುತ್ತಾರೆ. ಮಕ್ಕಳನ್ನು ಬಿಡಲು ಬಂದ ಅಮ್ಮಂದಿರು ಕೇಳುತ್ತಾರೆ. ಟೀ ಅಂಗಡಿಯಲ್ಲೂ ಅದೇ ಮಾತು. ನಾನು ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವವನು. ನಮ್ಮೂರಿಗೆ ಫುಟ್‌ಬಾಲಿಗೆಂದೇ ಒಂದು ಸ್ಟೇಡಿಯಂ ಬೇಕು ಎಂದು ಎಷ್ಟೋ ವರ್ಷದಿಂದ ಹೇಳುತ್ತಾ ಬಂದವರಲ್ಲಿ ನಾನೂ ಒಬ್ಬ. ಆದರೆ ಎಂಥ ಸ್ಟೇಡಿಯಂ ಅನ್ನುವುದನ್ನು ಈಗಲೇ ಮಾತಾಡಿಕೊಳ್ಳಬೇಕು. ಕಾಂಕ್ರೀಟು ಬಿದ್ದ ಮೇಲೆ ಮಾತಾಡಿ ಏನೂ ಪ್ರಯೋಜನವಿಲ್ಲ.

ದಾವಣಗೆರೆಗೂ ಫುಟ್‌ಬಾಲಿಗೂ ಏನು ಸಂಬಂಧ?

ನಮ್ಮೂರನ್ನು ಹಿರಿಯರು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಹತ್ತಿ ಗಿರಣಿಗಳ ಊರು ಅಲ್ವಾ, ಅದಕ್ಕೆ. ಆ ನಿಜವಾದ ಮ್ಯಾಂಚೆಸ್ಟರ್ ಇವತ್ತು ಲೋಕಕ್ಕೆಲ್ಲ ಗೊತ್ತಿರುವುದು ಬಟ್ಟೆಯಿಂದಲ್ಲ, ಫುಟ್‌ಬಾಲಿನಿಂದ. ಈ ಎರಡಕ್ಕೂ ಸಂಬಂಧವಿದೆ. 1850ರಲ್ಲಿ ಇಂಗ್ಲೆಂಡಿನ ಕಾನೂನು ಗಿರಣಿಗಳಲ್ಲಿ ಹೆಂಗಸರ ಮತ್ತು ಹುಡುಗರ ಕೆಲಸ ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಬೇಕು ಎಂದಿತು. ಕ್ರಮೇಣ ದುಡಿಯುವವರಿಗೆಲ್ಲ ಅರ್ಧ ದಿನ ರಜೆ ಸಿಕ್ಕಿತು. ಆ ಅರ್ಧ ದಿನದಲ್ಲೇ ಶನಿವಾರದ ಫುಟ್‌ಬಾಲ್ ಬೆಳೆಯಿತು. 1878ರಲ್ಲಿ ನ್ಯೂಟನ್ ಹೀತ್ ಎಂಬಲ್ಲಿ ರೈಲ್ವೆ ಕೆಲಸಗಾರರು ಕಟ್ಟಿದ ತಂಡವೇ 1902ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು. ದುಡಿಯುವ ಜನರಿರುವ ಊರು, ರೈಲು ನಿಲ್ಲುವ ಊರು, ಕಾಲೇಜುಗಳು ತುಂಬಿದ ಊರು ನಮ್ಮದು. ಆಟಕ್ಕೆ ಬೇಕಾದದ್ದು ಇಲ್ಲಿ ಏನು ಕಮ್ಮಿ ಇದೆ?

ನಮ್ಮ ರಾಜ್ಯಕ್ಕೂ ಇದು ಹೊಸ ಆಟವಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದ ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡಿದ್ದರು. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ತಂದಿತು. ಹಳೆಯ ಮೈಸೂರು ರಾಜ್ಯದ ಹೆಸರಲ್ಲಿ 1968-69ರಲ್ಲಿ ಕೊನೆಯ ಸಲ ಗೆದ್ದ ಮೇಲೆ ಮತ್ತೆ ಸಿಕ್ಕಿದ್ದು ಆಗಲೇ.

ಕ್ರಿಕೆಟ್ ಊರು ಇದು. ಫುಟ್‌ಬಾಲ್ ಯಾರು ನೋಡುತ್ತಾರೆ?

ಕ್ರಿಕೆಟ್ ಊರು ಹೌದು. ವಿನಯ್ ಕುಮಾರ್ ನಮ್ಮೂರಿನವರು ಎಂದು ಹೇಳುವಾಗ ನನಗೂ ಎದೆ ಉಬ್ಬುತ್ತದೆ. ಅದರ ಜೊತೆಗೆ ಇದು ಕುಸ್ತಿಯ ಊರೂ ಹೌದು. ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನೋಡಲು ಸೇರುವ ಜನರನ್ನು ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಹತ್ತಿರದಿಂದ ನೋಡಲು ಸಿಕ್ಕರೆ ನಮ್ಮ ಜನ ಯಾವ ಆಟವನ್ನಾದರೂ ನೋಡುತ್ತಾರೆ.

ಜಿಲ್ಲಾ ಕ್ರೀಡಾಂಗಣ ಇದೆಯಲ್ಲ, ಅದರಲ್ಲೇ ಆಡಬಾರದಾ?

ಆಡಬಹುದು. 400 ಮೀಟರ್ ಓಟದ ಟ್ರ್ಯಾಕಿನ ಒಳಗೆ ಫುಟ್‌ಬಾಲ್ ಅಂಕಣ ಹಿಡಿಯುತ್ತದೆ. ತೊಂದರೆ ಎರಡು. ಓಟದ ಮಕ್ಕಳು, ಜಾವೆಲಿನ್ ಎಸೆಯುವವರು, ಗುಂಡು ಎಸೆಯುವವರು, ನಾವು, ಎಲ್ಲರಿಗೂ ಬೇಕಾಗುವುದು ಅದೇ ಬೆಳಗಿನ ಎರಡು ತಾಸು, ಅದೇ ಸಂಜೆಯ ಎರಡು ತಾಸು. ಅವರನ್ನು ಎಬ್ಬಿಸಿ ನಾವು ಆಡುವುದು ನ್ಯಾಯವಲ್ಲ. ಇನ್ನೊಂದು, ನೋಡುವವರಿಗೆ ಆಟ ದೂರವಾಗುತ್ತದೆ. ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಆಟ ನೋಡಿದವರಿಗೆ ಇದು ಗೊತ್ತು. ಕೂಗು ಜೋರಾಗಿಯೇ ಇರುತ್ತದೆ, ಆದರೆ ಮಧ್ಯೆ ಟ್ರ್ಯಾಕ್ ಇದೆ. ಗೋಲಿನ ಹಿಂದೆ ಕೂತರೆ ಆ ಕಡೆಯ ಗೋಲು ಸುಮ್ನೆ ಚುಕ್ಕಿ ಇದ್ದಂತೆ ಕಾಣುತ್ತದೆ.

ಮ್ಯಾಂಚೆಸ್ಟರ್ ಇದಕ್ಕೆ ಏನು ಮಾಡಿತು ನೋಡಿ. 2002ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಟ್ರ್ಯಾಕ್ ಇರುವ ಸ್ಟೇಡಿಯಂ ಕಟ್ಟಿದರು. ಕೂಟ ಮುಗಿದ ತಕ್ಷಣ ಟ್ರ್ಯಾಕ್ ತೆಗೆದು, ನೆಲವನ್ನು ಇನ್ನೂ ಕೆಳಗೆ ಅಗೆದು, ಸಿಕ್ಕ ಜಾಗದಲ್ಲಿ ಇನ್ನೊಂದು ಸುತ್ತು ಸೀಟು ಕೂರಿಸಿದರು. ಕೂಟದಲ್ಲಿ 38,000 ಜನರಿಗಿದ್ದ ಜಾಗ ಸುಮಾರು 48,000ಕ್ಕೆ ಏರಿತು. 2003ರಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡ ಅಲ್ಲಿಗೆ ಬಂತು. ಕೂಟದ ಮರುದಿನ ಈ ಕಟ್ಟಡ ಏನಾಗುತ್ತದೆ ಅನ್ನುವುದನ್ನು ಅವರು ನಕ್ಷೆ ಬರೆಯುವಾಗಲೇ ಯೋಚಿಸಿದ್ದರು. ನನಗೆ ಅದು ಬಹಳ ಹಿಡಿಸಿತು.

ಎಷ್ಟು ಜನ ಕೂರುವಂತೆ ಕಟ್ಟಬೇಕು? ಐವತ್ತು ಸಾವಿರ?

ಬೇಡ. ನನ್ನ ಮಟ್ಟಿಗೆ ಐದಾರು ಸಾವಿರ ಸಾಕು. ಒಂದು ಕಡೆ ಚಾವಣಿ ಇರುವ ಸ್ಟ್ಯಾಂಡ್, ಉಳಿದ ಕಡೆ ಮುಂದೆ ಬೆಳೆಸಲು ಖಾಲಿ ಜಾಗ. ಅಷ್ಟಿದ್ದರೆ ಶುರು ಮಾಡಬಹುದು.

ಈ ಮಾತು ಹೇಳಿದಾಗ ಕೆಲವರ ಮುಖ ಸಪ್ಪಗಾಗುತ್ತದೆ. ಅವರಿಗೆ ಇಟಲಿಯ ಯುವೆಂಟಸ್ ಕಥೆ ಹೇಳುತ್ತೇನೆ. ಟ್ಯೂರಿನ್‌ನಲ್ಲಿ ಡೆಲ್ಲೆ ಆಲ್ಪಿ ಎಂಬ ಸ್ಟೇಡಿಯಂ ಇತ್ತು. 1990ರ ವಿಶ್ವಕಪ್‌ಗೆ ಕಟ್ಟಿದ್ದು, ಸುಮಾರು 69,000 ಸೀಟು, ಮಧ್ಯೆ ಟ್ರ್ಯಾಕ್. ಅಷ್ಟು ದೊಡ್ಡ ತಂಡವಾದರೂ ಅದನ್ನು ತುಂಬಿಸಲು ಒದ್ದಾಡುತ್ತಿತ್ತು. ಕೊನೆಗೆ ಅದನ್ನು ಕೆಡವಿ ಅದೇ ಜಾಗದಲ್ಲಿ 2011ರಲ್ಲಿ ಸುಮಾರು 41,000 ಸೀಟಿನ ಹೊಸದನ್ನು ಕಟ್ಟಿದರು. ಚಿಕ್ಕದಾಯಿತು, ಆದರೆ ತುಂಬತೊಡಗಿತು. ಜನ ಅಂಕಣಕ್ಕೆ ಅಂಟಿದಂತೆ ಕೂತರು.

ಬ್ರೆಜಿಲ್‌ನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 2014ರ ವಿಶ್ವಕಪ್‌ಗೆ ರಾಜಧಾನಿ ಬ್ರೆಸಿಲಿಯಾದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಮಾನೆ ಗರಿಂಚಾ ಸ್ಟೇಡಿಯಂ ಎದ್ದಿತು. ಆ ಊರಿನ ಯಾವ ತಂಡವೂ ದೇಶದ ಮೇಲಿನ ದರ್ಜೆಯಲ್ಲಿ ಇರಲಿಲ್ಲ. ಮರು ವರ್ಷ ಅದರ ಅಂಗಳದಲ್ಲಿ ನಗರದ ಬಸ್ಸುಗಳು ನಿಲ್ಲತೊಡಗಿದವು.

ಐದು ಸಾವಿರ ಸೀಟಿನಲ್ಲಿ ನಾಲ್ಕು ಸಾವಿರ ಜನ ಕೂತರೆ ಆಡುವ ಹುಡುಗನಿಗೆ ಊರೇ ಬಂದಂತೆ ಅನಿಸುತ್ತದೆ. ಅದೇ ನಾಲ್ಕು ಸಾವಿರ ಜನ ಐವತ್ತು ಸಾವಿರದ ಸ್ಟೇಡಿಯಂನಲ್ಲಿ ಕೂತರೆ ಯಾರೂ ಬಂದಿಲ್ಲ ಅನಿಸುತ್ತದೆ.

ಆಧುನಿಕ ಸ್ಟೇಡಿಯಂ ಅಂದರೆ ಏನು? ಗಾಜು, ದೊಡ್ಡ ಪರದೆ, ಎಸಿ?

ಅವೆಲ್ಲ ಆಮೇಲೆ. ಮ್ಯೂನಿಕ್‌ನ ಅಲಿಯಾನ್ಸ್ ಅರೇನಾ ಹೊರಗಿನಿಂದ ಗಾಳಿ ತುಂಬಿದ ದಿಂಬುಗಳಂತೆ ಹೊಳೆಯುತ್ತದೆ, ಚೆನ್ನಾಗಿದೆ. ಆದರೆ ಆಟಗಾರನಿಗೆ ಸ್ಟೇಡಿಯಂ ಶುರುವಾಗುವುದು ಕಾಲಿನ ಕೆಳಗೆ.

ನಮ್ಮ ಸುತ್ತಮುತ್ತ ತುಂಬಾ ಕಡೆ ಕಪ್ಪು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಹುಲ್ಲು ಹಾಸಿದರೆ ಜುಲೈನಲ್ಲಿ ಕೆಸರು, ಏಪ್ರಿಲ್‌ನಲ್ಲಿ ಕಣಕಾಲು ಮುರಿಯುವ ಬಿರುಕು. ಅದಕ್ಕೇ ಒಳ್ಳೆಯ ಅಂಕಣದಲ್ಲಿ ಮೊದಲು ಮಣ್ಣು ತೆಗೆಯುತ್ತಾರೆ. ತಳದಲ್ಲಿ ಮೀನಿನ ಮುಳ್ಳಿನ ಹಾಗೆ ತೂತಿರುವ ಪೈಪುಗಳನ್ನು ಹಾಸುತ್ತಾರೆ. ಮೇಲೆ ಜಲ್ಲಿ, ಅದರ ಮೇಲೆ ಒಂದು ಅಡಿಯಷ್ಟು ಮರಳು ಜಾಸ್ತಿ ಇರುವ ಮಣ್ಣು, ಆಮೇಲೆ ಹುಲ್ಲು. ಇಷ್ಟಾದರೆ ಜೋರು ಮಳೆ ಬಂದು ನಿಂತ ಮೇಲೂ ಆಡಬಹುದು. ಉದ್ಘಾಟನೆಯ ದಿನ ಈ ಪೈಪುಗಳನ್ನು ಯಾರೂ ನೋಡುವುದಿಲ್ಲ. ಅದಕ್ಕೇ ಹಣ ಕಮ್ಮಿಬಿದ್ದಾಗ ಮೊದಲು ಕತ್ತರಿ ಬೀಳುವುದು ಇವಕ್ಕೆ ಎಂಬ ಭಯ ನನಗಿದೆ.

ದಿಕ್ಕೂ ಮುಖ್ಯ. ಗೋಲು ಉತ್ತರಕ್ಕೊಂದು ದಕ್ಷಿಣಕ್ಕೊಂದು ಇರಬೇಕು. ಪೂರ್ವ ಪಶ್ಚಿಮಕ್ಕೆ ಇಟ್ಟರೆ ಸಂಜೆ ಐದಕ್ಕೆ ಒಬ್ಬ ಗೋಲ್‌ಕೀಪರ್ ಸೂರ್ಯನನ್ನೇ ನೋಡುತ್ತಾ ನಿಲ್ಲುತ್ತಾನೆ, ಪಾಪ. ಅಳತೆ ಹೇಗೂ ಗೊತ್ತಿರುವುದೇ: ದೊಡ್ಡ ಪಂದ್ಯಗಳಿಗೆ 105 ಮೀಟರ್ ಉದ್ದ, 68 ಮೀಟರ್ ಅಗಲ.

ಕೂರುವವರಿಗೆ ಒಂದು ಲೆಕ್ಕವಿದೆ. ಹಿಂದೆ ಕೂತವನ ನೋಟ ಮುಂದಿನವನ ಕಣ್ಣಿಗಿಂತ 9 ಸೆಂಟಿಮೀಟರ್ ಎತ್ತರದಲ್ಲಿ ಹಾದು ಅಂಕಣದ ಹತ್ತಿರದ ಗೆರೆಯನ್ನು ಮುಟ್ಟಿದರೆ ಒಳ್ಳೆಯದು, 6 ಆದರೂ ಪರವಾಗಿಲ್ಲ. ಮೆಟ್ಟಿಲುಗಳನ್ನೆಲ್ಲ ಒಂದೇ ಎತ್ತರಕ್ಕೆ ಕಟ್ಟಿಬಿಟ್ಟರೆ ಈ ಲೆಕ್ಕ ಕೂಡುವುದಿಲ್ಲ. ಹಿಂದೆ ಹೋದಂತೆ ಮೆಟ್ಟಿಲು ಎತ್ತರವಾಗುತ್ತಾ ಹೋಗಬೇಕು.

ಹುಲ್ಲು ಬೇಕಾ, ಟರ್ಫ್ ಸಾಕಾ?

ಮುಖ್ಯ ಅಂಕಣಕ್ಕೆ ಹುಲ್ಲು. ಪಕ್ಕದಲ್ಲಿ ಅಭ್ಯಾಸಕ್ಕೆ ಒಂದು ಟರ್ಫ್, ಅಂದರೆ ಪ್ಲಾಸ್ಟಿಕ್ ಹುಲ್ಲಿನ ಅಂಕಣ. ನನಗೆ ಸರಿ ಕಾಣುವುದು ಇದು.

ಹುಲ್ಲಿನ ಮೇಲೆ ಬೆಳಗಿನಿಂದ ರಾತ್ರಿವರೆಗೆ ಆಡಿಸಲು ಆಗುವುದಿಲ್ಲ, ಅದಕ್ಕೆ ವಿಶ್ರಾಂತಿ ಬೇಕು. ಟರ್ಫ್ ಎಷ್ಟು ಹೊತ್ತು ಬೇಕಾದರೂ ತಡೆಯುತ್ತದೆ. ಆದರೆ ಬೇಸಿಗೆಯ ಮಧ್ಯಾಹ್ನ ಅದರ ಮೈ 60 ಡಿಗ್ರಿ ದಾಟಬಹುದು. ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಮೇಲೆ ಬಿದ್ದ ಮಗುವಿನ ಮೊಣಕಾಲು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಹತ್ತು ವರ್ಷದ ಆಸುಪಾಸಿಗೆ ಅದನ್ನು ಕಿತ್ತು ಬದಲಾಯಿಸಬೇಕು. ಒಳಗೆ ಉದುರಿಸುವ ಕಪ್ಪು ರಬ್ಬರ್ ಕಾಳು ಮಳೆನೀರಿನ ಜೊತೆ ಹೊರಗೆ ಹರಿಯುತ್ತದೆ. ಈ ಕಾರಣಕ್ಕೇ ಯುರೋಪಿಯನ್ ಒಕ್ಕೂಟ 2023ರಲ್ಲಿ ಅಂಥ ಕಾಳಿನ ಮಾರಾಟವನ್ನು ನಿಲ್ಲಿಸಲು ತೀರ್ಮಾನಿಸಿ 8 ವರ್ಷದ ಗಡುವು ಕೊಟ್ಟಿದೆ. ಟರ್ಫ್ ಹಾಕುವುದಾದರೆ ರಬ್ಬರ್ ಬದಲು ಬೇರೆ ಏನಿದೆ ಎಂದು ಕೇಳಲೇಬೇಕು.

ನಿಜವಾದ ಹುಲ್ಲಿನ ನಡುವೆ ಪ್ಲಾಸ್ಟಿಕ್ ಎಳೆಗಳನ್ನು ಹೊಲಿಗೆ ಹಾಕಿದಂತೆ ಇಳಿಸುವ ಮಿಶ್ರ ಅಂಕಣವೂ ಇದೆ. ಯುರೋಪಿನ ದೊಡ್ಡ ತಂಡಗಳು ಬಳಸುತ್ತವೆ. ನಮಗೆ ಸದ್ಯಕ್ಕೆ ಅಷ್ಟು ಬೇಡ.

ಕುಡಿಯುವ ನೀರಿಗೇ ಕಷ್ಟ. ಹುಲ್ಲಿಗೆ ನೀರು ಎಲ್ಲಿಂದ?

ಸರಿಯಾದ ಪ್ರಶ್ನೆ. ಹೊರಗಿನ ಅಂಚೂ ಸೇರಿ ಸುಮಾರು 8,000 ಚದರ ಮೀಟರ್ ಹುಲ್ಲು ಎಂದುಕೊಳ್ಳಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಕೊಟ್ಟರೆ 40,000 ಲೀಟರ್ ಆಯಿತು. ಕುಂದುವಾಡ ಕೆರೆ ನೀರು ಮನೆಗಳಿಗೆ. ಅದನ್ನು ಹುಲ್ಲಿಗೆ ಕೇಳುವ ಮುಖ ನನಗಂತೂ ಇಲ್ಲ.

ದಾರಿ ಇದೆ. ಸ್ಟ್ಯಾಂಡಿನ ಚಾವಣಿ 3,000 ಚದರ ಮೀಟರ್ ಇದ್ದರೆ, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮೂರಲ್ಲಿ ಅದರ ಮೇಲೆ 18 ಲಕ್ಷ ಲೀಟರ್ ನೀರು ಬೀಳುತ್ತದೆ. ಎಲ್ಲವೂ ತೊಟ್ಟಿಗೆ ಬಂದರೆ ನಲವತ್ತೈದು ದಿನದ ನೀರು. ಒಂದಿಷ್ಟು ಸೋರಿ ಹೋಗುತ್ತದೆ, ಇರಲಿ. ಉಳಿದ ದಿನಗಳಿಗೆ ಊರಿನ ಚರಂಡಿ ನೀರನ್ನು ಶುದ್ಧ ಮಾಡಿ ಬಳಸಬೇಕು. ಈ ಎರಡೂ ನಕ್ಷೆಯಲ್ಲೇ ಇರಬೇಕು, ಆಮೇಲೆ ಮಾಡೋಣ ಅಂದರೆ ಆಗುವುದಿಲ್ಲ.

ಸಮಾವೇಶ, ಮದುವೆ, ಎಕ್ಸಿಬಿಷನ್‌ಗೆ ಬಾಡಿಗೆ ಕೊಟ್ಟರೆ ದುಡ್ಡು ಬರುತ್ತದಲ್ಲ?

ಇದಕ್ಕೆ ಉತ್ತರ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಕ್ಷಮಿಸಿ. ನಾವು ಆಡುತ್ತಿದ್ದ ಒಂದು ಮೈದಾನವನ್ನು ಒಮ್ಮೆ ಮೂರು ದಿನದ ಕಾರ್ಯಕ್ರಮಕ್ಕೆ ಕೊಟ್ಟರು. ಪೆಂಡಾಲಿನ ಕಂಬಕ್ಕೆ ಗುಂಡಿ ತೋಡಿದರು, ಲಾರಿ ಓಡಿಸಿದರು. ಮುಗಿದ ಮೇಲೆ ಗುಂಡಿಗೆ ಕಲ್ಲು ಮಣ್ಣು ತುಂಬಿ ಹೋದರು. ಮರುವಾರ ಹನ್ನೆರಡು ವರ್ಷದ ಹುಡುಗ ಅದೇ ಗುಂಡಿಯಲ್ಲಿ ಕಾಲು ತಿರುಚಿಕೊಂಡ. ಒಂದು ಸೀಸನ್ ಪೂರ್ತಿ ಕಾಂಪೌಂಡ್ ಪಕ್ಕ ಕೂತು ನಮ್ಮ ಆಟ ನೋಡಿದ. ಗೋಲು ಆದಾಗೆಲ್ಲ ಎದ್ದು ನಿಲ್ಲಲು ಹೋಗಿ ಮತ್ತೆ ಕೂರುತ್ತಿದ್ದ. ಆ ದೃಶ್ಯ ಇನ್ನೂ ನನ್ನ ಕಣ್ಣಿಂದ ಹೋಗಿಲ್ಲ.

ಬಾಡಿಗೆ ಬೇಕೆಂದರೆ ಸ್ಟ್ಯಾಂಡಿನ ಕೆಳಗಿನ ಜಾಗ ಕೊಡಿ. ಜಿಮ್, ಫಿಸಿಯೋಥೆರಪಿ, ಓದುವ ಕೋಣೆ, ಅಂಗಡಿಗಳು. ಹೊರಗಿನ ಅಂಗಳ ಕೊಡಿ. ಹುಲ್ಲು ಮುಟ್ಟಬೇಡಿ. ಅಪರೂಪಕ್ಕೆ ಸಂಗೀತ ಕಾರ್ಯಕ್ರಮ ಮಾಡುವುದಾದರೆ ಅಂಕಣ ಮುಚ್ಚುವ ಹಲಗೆಗಳು ಸಿಗುತ್ತವೆ, ಹೊರದೇಶಗಳಲ್ಲಿ ಹಾಗೇ ಮಾಡುತ್ತಾರೆ. ಕ್ರಿಕೆಟ್‌ಗೆ ಕೂಡ ಇದೇ ಮಾತು. 2018ರಲ್ಲಿ ಕೊಚ್ಚಿಯಲ್ಲಿ ಭಾರತ ಮತ್ತು ವೆಸ್ಟ್ ಇಂಡೀಸ್ ಪಂದ್ಯಕ್ಕಾಗಿ ಫುಟ್‌ಬಾಲ್ ಹುಲ್ಲನ್ನು ಅಗೆಯುವ ಮಾತು ಬಂದಾಗ ದೊಡ್ಡ ವಿರೋಧ ಎದ್ದಿತು. ಪಂದ್ಯ ತಿರುವನಂತಪುರಕ್ಕೆ ಹೋಯಿತು. ಹಿಂದಿನ ವರ್ಷವಷ್ಟೇ 17 ವರ್ಷದೊಳಗಿನವರ ವಿಶ್ವಕಪ್‌ಗೆ ಆ ಹುಲ್ಲು ಬೆಳೆಸಿದ್ದರು.

ಗಲಾಟೆ, ನೂಕುನುಗ್ಗಲು ಆದರೆ?

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹೊರಗೆ 11 ಜನ ಸತ್ತರು. ಸಂಭ್ರಮ ನೋಡಲು ಬಂದವರು ಅವರು. ನಮ್ಮ ಮಕ್ಕಳ ವಯಸ್ಸಿನವರೂ ಇದ್ದರು. ಆದ್ದರಿಂದ ಈ ಪ್ರಶ್ನೆಗೆ ಅವಸರದ ಉತ್ತರ ಬೇಡ.

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ಗೋಲಿನ ಹಿಂದೆ ಜನ ನಿಂತು ನೋಡುವ, ಬೇಲಿ ಹಾಕಿದ ಕಟಕಟೆಗಳು ಮೊದಲೇ ತುಂಬಿದ್ದವು. ಹೊರಗಿನ ಒತ್ತಡ ತಗ್ಗಿಸಲು ಒಂದು ಗೇಟು ತೆರೆದರು. ಜನ ಅದೇ ತುಂಬಿದ ಕಟಕಟೆಗೆ ಹರಿದು ಬಂದರು. ಮುಂದೆ ಕಬ್ಬಿಣದ ಬೇಲಿ. 97 ಜೀವ ಹೋಯಿತು. ಮುಂದಿನ ವರ್ಷ ಬಂದ ಟೇಲರ್ ತನಿಖಾ ವರದಿಯ ನಂತರ ದೊಡ್ಡ ತಂಡಗಳ ಸ್ಟೇಡಿಯಂಗಳಲ್ಲಿ ಬೇಲಿ ಹೋಯಿತು, ಎಲ್ಲರಿಗೂ ಸೀಟು ಬಂತು. 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಕಂಜುರುಹಾನ್ ಸ್ಟೇಡಿಯಂನಲ್ಲಿ ಪೊಲೀಸರು ಸ್ಟ್ಯಾಂಡಿಗೆ ಅಶ್ರುವಾಯು ಹೊಡೆದರು. ಜನ ಕಿರಿದಾದ ಬಾಗಿಲುಗಳ ಕಡೆ ಓಡಿದರು. 135 ಜನ ಸತ್ತರು. ನಮ್ಮ ದೇಶದಲ್ಲೇ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ದಿನ 16 ಜನ ತೀರಿಕೊಂಡರು.

ಇಷ್ಟು ಜೀವ ಹೋದ ಮೇಲೆ ಕಲಿತ ಪಾಠಗಳು ಗುಟ್ಟೇನಲ್ಲ. ಬ್ರಿಟನ್ನಿನ ಸುರಕ್ಷತಾ ಮಾರ್ಗದರ್ಶಿಯ ಪ್ರಕಾರ ಮಾಮೂಲಿ ದಿನ ಪ್ರೇಕ್ಷಕರೆಲ್ಲ 8 ನಿಮಿಷದೊಳಗೆ ಸ್ಟ್ಯಾಂಡಿನಿಂದ ಹೊರಗೆ ಬರುವಂತಿರಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು. ಪಂದ್ಯ ನಡೆಯುವಾಗ ಯಾವ ಬಾಗಿಲಿಗೂ ಬೀಗ ಇರಬಾರದು, ಪ್ರತಿ ಬಾಗಿಲಲ್ಲಿ ಒಬ್ಬ ಮನುಷ್ಯ ಇರಬೇಕು. ಗೇಟಿನ ಹೊರಗೆ ರಸ್ತೆಗೆ ತಾಗದಂತೆ ವಿಶಾಲ ಅಂಗಳ ಬೇಕು, ಯಾಕೆಂದರೆ ಒತ್ತಡ ಹುಟ್ಟುವುದು ಅಲ್ಲೇ. ಎಷ್ಟು ಸೀಟೋ ಅಷ್ಟೇ ಟಿಕೆಟ್, ಉಚಿತ ಪಂದ್ಯಕ್ಕೂ ಟಿಕೆಟ್. ನಕ್ಷೆ ತೋರಿಸಿದಾಗ ನೀವು ಮೊದಲು ಬಾಗಿಲು ಎಣಿಸಿ.

ಹೆಣ್ಣುಮಕ್ಕಳು ಬರುತ್ತಾರಾ?

ಬರುತ್ತಾರೆ, ಜಾಗ ಕೊಟ್ಟರೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಒಂದು ಕಾರ್ಖಾನೆಯ ಹೆಣ್ಣುಮಕ್ಕಳು ಕಟ್ಟಿದ ಡಿಕ್ ಕೆರ್ ತಂಡದ ಆಟ ನೋಡಲು ಸುಮಾರು 53,000 ಜನ ಬಂದಿದ್ದರು. ಮರು ವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ತಂಡಗಳ ಮೈದಾನಗಳಲ್ಲಿ ಹೆಂಗಸರು ಆಡಬಾರದು ಎಂದಿತು. ಸುಮಾರು ಐವತ್ತು ವರ್ಷ ಆ ನಿಷೇಧ ಇತ್ತು. ಮೈದಾನದ ಬಾಗಿಲು ಮುಚ್ಚಿದರೆ ಆಟವೇ ಮುಚ್ಚಿಹೋಗುತ್ತದೆ.

ನಮ್ಮಲ್ಲಿ ಯಾರೂ ನಿಷೇಧ ಹಾಕಿಲ್ಲ. ಆದರೆ ಬಟ್ಟೆ ಬದಲಿಸಲು ಕೋಣೆ ಇಲ್ಲ, ಶುಚಿಯಾದ ಶೌಚಾಲಯ ಇಲ್ಲ, ಬಸ್ ಸ್ಟಾಪಿನವರೆಗೆ ಬೆಳಕಿಲ್ಲ ಅಂದರೆ ಎಂಟನೇ ತರಗತಿ ಹೊತ್ತಿಗೆ ಹುಡುಗಿಯರು ಒಬ್ಬೊಬ್ಬರಾಗಿ ನಿಲ್ಲುತ್ತಾರೆ. ನಾನು ಕಂಡಿದ್ದೇನೆ. ಎಷ್ಟು ಚೆನ್ನಾಗಿ ಆಡುವವರು!

ಊರಿಗೆ ಏನು ಲಾಭ?

ಸ್ಟೇಡಿಯಂ ಕಟ್ಟಿದರೆ ಊರು ಶ್ರೀಮಂತವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸರ್ಕಾರದ ದುಡ್ಡಲ್ಲಿ ಕಟ್ಟಿದ ದೊಡ್ಡ ಸ್ಟೇಡಿಯಂಗಳು ಹಾಕಿದಷ್ಟು ಹಣ ವಾಪಸ್ ತರುವುದು ಅಪರೂಪ ಎಂದು ಅರ್ಥಶಾಸ್ತ್ರಜ್ಞರು ಹೇಳುತ್ತಲೇ ಬಂದಿದ್ದಾರೆ. ಆಸ್ಪತ್ರೆಗೋ ಗ್ರಂಥಾಲಯಕ್ಕೋ ಲಾಭ ಎಷ್ಟು ಎಂದು ಕೇಳುವುದಿಲ್ಲ ಅಲ್ವಾ, ಇದನ್ನೂ ಹಾಗೇ ನೋಡಬೇಕು.

ಮ್ಯಾಂಚೆಸ್ಟರ್ 2002ರ ಕೂಟದ ಆ ಸ್ಟೇಡಿಯಂ ಕಟ್ಟಿದ್ದು ಕಲ್ಲಿದ್ದಲು ಗಣಿ ಮುಚ್ಚಿ ಪಾಳು ಬಿದ್ದ ಪೂರ್ವ ಭಾಗದಲ್ಲಿ. ಕಟ್ಟಡ ಇವತ್ತಿಗೂ ನಗರಸಭೆಯದು, ತಂಡ ಬಾಡಿಗೆ ಕಟ್ಟುತ್ತದೆ. 2013ರಲ್ಲಿ ಟ್ರಾಮ್ ಬಂತು, 2014ರಲ್ಲಿ ಪಕ್ಕದಲ್ಲೇ ಹುಡುಗರ ತರಬೇತಿಯ ಅಕಾಡೆಮಿ ತೆರೆಯಿತು. ಅಷ್ಟು ದುಡ್ಡು ನಮ್ಮಲ್ಲಿ ಇಲ್ಲ, ನಿಜ. ಆದರೆ ಕಟ್ಟಡ ಊರಿನದಾಗಿಯೇ ಉಳಿಯಬೇಕು ಅನ್ನುವುದಕ್ಕೆ ದುಡ್ಡು ಬೇಕಿಲ್ಲ.

ಪಂದ್ಯದ ಸಂಜೆ ಮಂಡಕ್ಕಿ ಮೆಣಸಿನಕಾಯಿ ಗಾಡಿಯವರಿಗೆ, ಬೆಣ್ಣೆ ದೋಸೆಯವರಿಗೆ ನಾಲ್ಕು ಕಾಸು ಆಗುತ್ತದೆ. ಅವರಿಗೆ ಅಂಗಳದಲ್ಲಿ ಗುರುತು ಮಾಡಿದ ಜಾಗ, ನೀರು, ಕಸದ ಬುಟ್ಟಿ ಇರಲಿ. ಒಳಗೆ ದುಬಾರಿ ಕೌಂಟರ್ ಇಟ್ಟು ಅವರನ್ನು ಓಡಿಸುವುದು ಬೇಡವೇ ಬೇಡ.

ಎಲ್ಲಿ ಕಟ್ಟಬೇಕು?

ಸೈಕಲ್ಲಿನಲ್ಲಿ ಬರುವ ಹುಡುಗನಿಗೆ ಸಿಗುವ ಜಾಗದಲ್ಲಿ. ಬೈಪಾಸ್ ಆಚೆ ಅಗ್ಗದ ಜಮೀನು ಸಿಗಬಹುದು, ಆದರೆ ಸಂಜೆ ಅಲ್ಲಿಗೆ ಬರುವುದು ಕಾರಿದ್ದವರು ಮಾತ್ರ. ಸಿಟಿ ಬಸ್ ಬರುವ ದಾರಿಯಲ್ಲಿ, ಶಾಲೆ ಕಾಲೇಜುಗಳ ಹತ್ತಿರ ಇರಲಿ. ಪಾರ್ಕಿಂಗ್ ಕಮ್ಮಿ ಆದರೂ ಚಿಂತೆಯಿಲ್ಲ.

ರಾತ್ರಿ ಲೈಟು ಬೇಕಾ?

ಬೇಕು. ನಮ್ಮ ಬೇಸಿಗೆಯಲ್ಲಿ ಸಂಜೆ ಆರರ ಮೇಲೇ ಆಡಲು ಹಿತ. ಎಲ್‌ಇಡಿ ಹಾಕಿದರೆ ಸ್ವಿಚ್ ಒತ್ತಿದ ತಕ್ಷಣ ಪೂರ್ತಿ ಬೆಳಕು, ಬೇಡವಾದಾಗ ಅರ್ಧ ಉರಿಸಬಹುದು. ಹಳೆಯ ಹಾಲೈಡ್ ದೀಪ ಕರೆಂಟು ಹೋಗಿ ಬಂದರೆ ಮತ್ತೆ ಹತ್ತಿಕೊಳ್ಳಲು ಎಷ್ಟೋ ನಿಮಿಷ ಬೇಕು. ಬೆಳಕು ಅಂಕಣಕ್ಕೆ ಬೀಳಲಿ, ಪಕ್ಕದ ಮನೆಯವರ ಬೆಡ್‌ರೂಮಿಗೆ ಬೀಳದಿರಲಿ.

ಸ್ಟೇಡಿಯಂ ಬರುವವರೆಗೆ ಕಾಯಬೇಕಾ? ನನ್ನ ಮಗಳಿಗೆ ಏಳು ವರ್ಷ.

ಕಾಯಬೇಡಿ, ನಾಳೆಯೇ ಕಳಿಸಿ. ಏಳು ವರ್ಷಕ್ಕೆ 3ನೇ ಸೈಜಿನ ಚೆಂಡು, ಎಂಟಾದ ಮೇಲೆ 4, ಹನ್ನೆರಡು ದಾಟಿದ ಮೇಲೆ 5. ಸ್ಟಡ್ಸ್ ಬೂಟು ಈಗಲೇ ಬೇಡ, ಕ್ಯಾನ್ವಾಸ್ ಶೂ ಸಾಕು. ಬೆಳಿಗ್ಗೆ ಆರೂವರೆಗೆ ಬನ್ನಿ, ಎಂಟಕ್ಕೆ ಬಿಡುತ್ತೇವೆ. ನೀರಿನ ಬಾಟಲಿ ಮರೆಯಬೇಡಿ, ಗ್ರೌಂಡಿನಲ್ಲಿ ನಲ್ಲಿ ಇಲ್ಲ.